ಟ್ರೀ ಎಂದರೆ ಗೆಲ್ಲು

“ಇಲ್ಲಿ ಕೇಳು ನೀಲಕ್ಕ. ಟ್ರೀ ಕೊಡ್ತೇನೆ ಅಂತ ನಾನು ಹೇಳಿದ್ದು ಹೌದು. ಇಲ್ಲ ಅಂತ ಹೇಳುವುದಿಲ್ಲ, ನನಗಿರುವುದು ಒಂದೇ ನಾಲಗೆ. ಮೀಟಿಂಗಲ್ಲಿ ನಮ್ಮ ಗುರಿಕಾರ ಲಿಗೋರಿ ಕೇಳಿದ, ಈ ಸಲ ಇಗರ್ಜಿಗೆ ಪ್ಲಾಸ್ಟಿಕ್ ಟ್ರೀ ಬೇಡ ಅಂತ ಯೂತಿನವರು ಹೇಳ್ತಾರೆ, ಒರಿಜಿನಲ್ ಟ್ರೀ ಯಾರು ಕೊಡ್ತೀರಿ ಅಂತ. ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರೂ ನೆಲ ನೋಡಿಕೊಂಡು ಕೂತರು, ನೆಲದಿಂದ ಈಗ ಟ್ರೀ ಮೊಳೆಯುತ್ತದೆ ಅನ್ನುವ ಹಾಗೆ. ನಾನು ಹೇಳಿದೆ, ಅದಕ್ಕೇನು, ನಮ್ಮಲ್ಲಿ ಉಂಟಲ್ಲ, ಪ್ರತಿ ವರ್ಷ ನಿಮಗೆಲ್ಲ ಕೊಡುವುದಿಲ್ಲವಾ, ಇಗರ್ಜಿಗೂ ಕೊಡುವ ಅಂತ. ಅಷ್ಟೇ. ಇವತ್ತು ಪೂಜೆ ಮುಗಿದ ಮೇಲೆ ಫಾದರ್ ಮೈಕಿನಲ್ಲಿ ಓದ್ತಾರೆ, ನಮ್ಮ ಅಪೊಲಿನ್ ಬಾಯಿಯವರು ಮೂವತ್ತೈದು ವರ್ಷ ಸಾಕಿದ ಗಾಳಿ ಮರವನ್ನು ಬಾಲಯೇಸುವಿಗೆ ಒಪ್ಪಿಸಿದ್ದಾರೆ, ಹದಿನೆಂಟನೇ ತಾರೀಕಿಗೆ ಕಡಿಯುವುದು, ಯುವಕರು ಬರಬೇಕು ಅಂತ. ಜನ ಚಪ್ಪಾಳೆ ತಟ್ಟಿದರು ಮಾರಾಯ್ತಿ! ನನಗೆ! ನನ್ನ ಮದುವೆಗೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಪಕ್ಕದ ಬೆಂಚಿನವಳು ನನ್ನ ಕೈ ಹಿಡಿದು ಕಣ್ಣೀರು ಹಾಕಿದಳು. ಟ್ರೀ ಅಂದಾಗ ನನ್ನ ಲೆಕ್ಕದಲ್ಲಿ ಇದ್ದದ್ದು ಒಂದು ಗೆಲ್ಲು, ಅವರು ಬುಡಕ್ಕೇ ಕೈ ಹಾಕಿದರು. ಈಗ ನೀನು ಹೇಳು, ಮಾತು ತಪ್ಪುವವಳು ನಾನಾ, ಮಾತು ತಿರುಚಿದವರು ಅವರಾ?”

ಡಿಸೆಂಬರಿನ ಮೊದಲ ಆದಿತ್ಯವಾರ, ಪೂಜೆಗೆ ಉಟ್ಟ ಸೀರೆಯಲ್ಲೇ ನನ್ನ ಅಂಗಳದಲ್ಲಿ ನಿಂತು ಅಪೊಲಿನ್ ಬಾಯಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ನಾನು ಅವಳ ಪಕ್ಕದ ಮನೆಯವಳು. ಮೂವತ್ತು ವರ್ಷದಿಂದ ನಾವಿಬ್ಬರು ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತೇವೆ. ಅವಳು ಹೇಳುವುದು, ನಾನು ಕೇಳುವುದು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ. ಅಪೊಲಿನಳ ಮಟ್ಟಿಗೆ ಆ ಹೆಸರು ಎರಡು ಅರ್ಥದಲ್ಲೂ ಸರಿ ಎಂದು ಊರವರು ನಗುತ್ತಾರೆ. ಅವಳ ಎದುರೇ ನಗುತ್ತಾರೆ, ಅವಳೂ ನಗುತ್ತಾಳೆ.

ಈ ಟ್ರೀಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನ ಕ್ರಿಶ್ಚಿಯನರ ಮನೆಗಳಲ್ಲಿ ಕ್ರಿಸ್ಮಸಿಗೆ ಇಡುವುದು ಗಾಳಿ ಮರದ ಒಂದು ಗೆಲ್ಲು, ಅಂದರೆ ಸರ್ವೆ ಮರದ ಒಂದು ಕೊಂಬೆ. ಪೈಂಟಿನ ಹಳೆ ಡಬ್ಬಿಗೆ ಮರಳು ತುಂಬಿಸಿ, ಗೆಲ್ಲನ್ನು ಅದರಲ್ಲಿ ನೆಟ್ಟು, ಹತ್ತಿ ಅಂಟಿಸಿ, ಬಣ್ಣದ ಲೈಟು ಸುತ್ತುತ್ತಾರೆ. ಇರುವುದು ಗೆಲ್ಲಾದರೂ ಅದಕ್ಕೆ ಹೆಸರು ಟ್ರೀ. “ಟ್ರೀ ಕೊಯ್ಯಲಿಕ್ಕೆ ಬಂದೆ ಬಾಯಿ” ಎಂದೇ ಎಲ್ಲರೂ ಬರುವುದು. ಅದನ್ನು ಗೆಲ್ಲು ಎಂದು ಕರೆದವರನ್ನು ನಾನು ನೋಡಿಲ್ಲ. ಹತ್ತಿರದಲ್ಲಿ ಗಾಳಿ ಮರ ಇರುವುದು ಅಪೊಲಿನಳ ಅಂಗಳದಲ್ಲಿ ಮಾತ್ರ. ಹಾಗಾಗಿ ಡಿಸೆಂಬರ್ ಬಂದರೆ ಅವಳ ಮನೆಗೆ ಜನವೋ ಜನ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಾತ್ರ ಐದು ವರ್ಷದಿಂದ ಹನ್ನೆರಡು ಅಡಿಯ ಪ್ಲಾಸ್ಟಿಕ್ ಮರ ಇಡುತ್ತಿದ್ದರು. ಯಾರೋ ದಾನ ಕೊಟ್ಟದ್ದು. ಹಬ್ಬ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕುವುದು.

ನಮ್ಮದು ಮಡಂತ್ಯಾರಿನಿಂದ ಎರಡು ಮೈಲು ಒಳಗೆ, ಪದವಿನ ಮೇಲಿನ ಊರು. ಪದವು ಎಂದರೆ ಮುರಕಲ್ಲಿನ ಬೋಳು ಬಯಲು, ಒಂದು ಗೇಣು ಮಣ್ಣಿಲ್ಲ. ಅಪೊಲಿನ್ ಮೂಡುಬಿದಿರೆ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದಳು. ಗಂಡ ಕೈತಾನ್ ಕಲ್ಲು ಕಡಿಯುವವ. ಮಗನಿಗೆ ಆರು ವರ್ಷ ಆಗುವಾಗ ಕೈತಾನ್ ಜ್ವರ ಬಂದು ತೀರಿಹೋದ. ತವರಿನವರು ಟೆಂಪೋ ಮಾಡಿಕೊಂಡು ಬಂದಿದ್ದರು, ಪಾತ್ರೆ ಪಡಗ ಕಟ್ಟು, ಹೋಗುವ ಅಂತ. ಅಪೊಲಿನ್ ಅವರಿಗೆ ಚಾ ಕೊಟ್ಟು, ಖಾಲಿ ಟೆಂಪೋವನ್ನು ವಾಪಸು ಕಳಿಸಿದಳು. “ಅಲ್ಲಿ ಹೋದರೆ ನಾನು ಅಣ್ಣನ ಮನೆಯ ತಂಗಿ. ಇಲ್ಲಿ ಹಸಿದರೂ ನನ್ನ ಮನೆಯ ಹಸಿವು” ಎಂದಳು.

ಆ ಜೂನಿನಲ್ಲಿ ಗಾಳಿ ಬಂದು ಅವಳ ಮಾಡಿನ ಅರ್ಧ ಹೆಂಚನ್ನು ಹಾರಿಸಿತು. ಪದವಿನ ಗಾಳಿಗೆ ಅಡ್ಡ ನಿಲ್ಲಲು ಏನೂ ಇರಲಿಲ್ಲ. ಬೆಳ್ತಂಗಡಿಯಲ್ಲಿ ಅರಣ್ಯ ಇಲಾಖೆಯವರು ಗಿಡ ಕೊಡುತ್ತಾರೆ ಎಂದು ಯಾರೋ ಹೇಳಿದರು. ಅಪೊಲಿನ್ ಹೋಗಿ ಮೂರು ಗಾಳಿ ಗಿಡ ತಂದಳು. ಕೈತಾನನ ಕಲ್ಲು ಕಡಿಯುವ ಕೊಡಲಿಯಿಂದ ಒಂಬತ್ತು ದಿನ ಕಲ್ಲು ಒಡೆದು ಮೂರು ಹೊಂಡ ಮಾಡಿದಳು, ಕೆಳಗಿನ ತೋಡಿನಿಂದ ತಲೆಯಲ್ಲಿ ಮಣ್ಣು ಹೊತ್ತಳು. ಕಲ್ಲಿನ ಮೇಲೆ ಗಿಡ ನೆಡುವವಳಿಗೆ ತಲೆ ಸರಿ ಇಲ್ಲ ಎಂದರು. ಎರಡು ಗಿಡ ಸತ್ತದ್ದೂ ಹೌದು. ಒಂದು ಉಳಿಯಿತು. ಅದು ಮಾಡಿನ ಎತ್ತರಕ್ಕೆ ಬಂದ ಮೇಲೆ ಅವಳ ಮನೆಯ ಹೆಂಚು ಹಾರಿದ್ದು ನನಗೆ ನೆನಪಿಲ್ಲ. ಅವಳೇನೂ ಆ ಮರಕ್ಕೆ ಕೈ ಮುಗಿಯುವವಳಲ್ಲ. “ಹಣ್ಣಿಲ್ಲ, ನೆರಳಿಲ್ಲ, ಸೊಪ್ಪು ದನಕ್ಕೂ ಬೇಡ, ಬೇರೆ ಯಾರೂ ಈ ಕಲ್ಲಿನಲ್ಲಿ ನಿಲ್ಲಲಿಕ್ಕೆ ಒಪ್ಪದ ಕಾರಣ ಇದು ನಿಂತಿದೆ, ನನ್ನ ಹಾಗೆ” ಎನ್ನುವಳು.

ಒಮ್ಮೆ ಬೀಡಿ ಲೆಕ್ಕ ಮಾಡಿ ಕೊಳ್ಳುವ ಬ್ರಾಂಚಿನವ ಅವಳು ಕಟ್ಟಿದ್ದರಲ್ಲಿ ಎರಡು ಹಿಡಿ ಬೀಡಿಯನ್ನು ಹಾಳು ಎಂದು ತೆಗೆದು ಬದಿಗೆ ಹಾಕಿದ. ಎಲ್ಲರಿಗೂ ಹಾಗೆ ಮಾಡುತ್ತಿದ್ದ, ನಾವು ಸುಮ್ಮನಿರುತ್ತಿದ್ದೆವು. ಅಪೊಲಿನ್ ಅದರಿಂದ ಒಂದು ಬೀಡಿ ಎತ್ತಿ, ಅವನ ಮೇಜಿನ ಬೆಂಕಿಪೆಟ್ಟಿಗೆಯಿಂದಲೇ ಹೊತ್ತಿಸಿ, ಅವನ ಮುಖದ ಎದುರು ಎರಡು ದಮ್ಮು ಎಳೆದಳು. “ಹೊಗೆ ಬರುತ್ತದಲ್ಲ, ಎಲ್ಲಿ ಹಾಳಾಗಿದೆ ತೋರಿಸಿ” ಎಂದಳು. ಬೀಡಿ ವಾಪಸು ಲೆಕ್ಕಕ್ಕೆ ಸೇರಿತು. ಅವಳು ಮಾತ್ರ ಎರಡು ದಿನ ಕೆಮ್ಮಿದಳು.

ಇಂಥವಳನ್ನು ಈ ಸಲ ಕಟ್ಟಿಹಾಕಿದ್ದು ಅವಳದೇ ಮಾತು, ಅದೂ ಇಗರ್ಜಿಯ ಮೈಕಿನಲ್ಲಿ. ಇಲ್ಲ ಎಂದರೆ ದೇವರಿಗೆ ಕೊಟ್ಟ ಮಾತು ತಪ್ಪಿದವಳು, ಹೂಂ ಎಂದರೆ ಮರ ಹೋಯಿತು. ಮುಂದಿನ ಮಳೆಗಾಲಕ್ಕೆ ಆ ಮಾಡು ಬರೀ ಮೈಯಲ್ಲಿ ನಿಲ್ಲಬೇಕು.

ಎಲ್ಲಕ್ಕಿಂತ ಕಷ್ಟದ್ದು, ಪ್ಲಾಸ್ಟಿಕ್ ಬೇಡ ಎಂದು ಮೊದಲು ಎದ್ದು ನಿಂತವಳು ಅವಳ ಮಗನ ಮಗಳು ಹನಾ. ಅಜ್ಜಿಯ ಮನೆಯಲ್ಲೇ ಇದ್ದು ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವವಳು. ಅಜ್ಜಿಯನ್ನು ವಡ್ಲಿಮಾಯ್ ಎಂದು ಕರೆಯುತ್ತಾಳೆ. ಅಜ್ಜಿಯ ಬಾಯಿ ಮೊಮ್ಮಗಳಿಗೆ ಚೆನ್ನಾಗಿಯೇ ಬಂದಿದೆ. ಆ ಸಂಜೆ ಜಗಲಿಯಲ್ಲಿ ಇಬ್ಬರಿಗೂ ಹತ್ತಿಕೊಂಡಿತು.

“ವಡ್ಲಿಮಾಯ್, ನೀವು ಪ್ಲಾಸ್ಟಿಕ್ ಪಾರ್ಟಿಯಾ?”

“ನಾನು ಹುಟ್ಟುವಾಗ ಪ್ಲಾಸ್ಟಿಕ್ಕೇ ಇರಲಿಲ್ಲ. ತಂದದ್ದು ನಿಮ್ಮ ಕಾಲ, ಈಗ ಬೈಗಳು ನನಗಾ?”

“ಪ್ಲಾಸ್ಟಿಕ್ ಐನೂರು ವರ್ಷ ಆದರೂ ಸಾಯುವುದಿಲ್ಲ, ಗೊತ್ತುಂಟಾ?”

“ಸಾಯುವುದಿಲ್ಲವಾದರೆ ಐದು ವರ್ಷಕ್ಕೆ ಬಿಸಾಡುವುದು ಯಾಕೆ? ಐನೂರು ವರ್ಷ ಇಡಿ. ನಿನ್ನ ಮೊಮ್ಮಕ್ಕಳಿಗೂ ಆಯಿತು.”

“ಅದು ನಕಲಿ, ವಡ್ಲಿಮಾಯ್. ದೇವರ ಎದುರು ನಕಲಿ ಇಡುವುದಾ?”

“ಗೋದಲಿಯಲ್ಲಿ ಮಲಗಿಸುವ ಬಾಲಯೇಸು ಗಾರೆಯದ್ದು. ಆಡು ಕುರಿ ಗಾರೆಯದ್ದು. ಅದೆಲ್ಲ ಆಗುತ್ತದೆ, ಮರ ಒಂದು ನಿಜದ್ದು ಆಗಬೇಕಾ?”

ಹನಾ ಇನ್ನೊಂದು ದಾರಿ ಹಿಡಿದಳು. “ಗಾಳಿ ಮರ ಈ ದೇಶದ್ದೇ ಅಲ್ಲ, ಹೊರಗಿನಿಂದ ಬಂದದ್ದು. ಕಡಿದರೆ ನಷ್ಟ ಇಲ್ಲ ಅಂತ ನಮ್ಮ ಮೇಡಂ ಹೇಳಿದ್ದಾರೆ.”

“ಹೊರಗಿನಿಂದ ಬಂದವರನ್ನೆಲ್ಲ ಕಡಿಯುವುದಾದರೆ ಮೊದಲು ನನ್ನನ್ನು ಕಡಿ. ನಾನೂ ಮೂಡುಬಿದಿರೆಯಿಂದ ಬಂದವಳು.” ಬೀಡಿಯ ದಾರವನ್ನು ಹಲ್ಲಿನಲ್ಲಿ ಕಡಿದು ಅಪೊಲಿನ್ ಮತ್ತೆ ಹೇಳಿದಳು, “ಕಡಿದ ಮರಕ್ಕಿಂತ ಹುಟ್ಟದ ಮರ ವಾಸಿ. ಬರೆದಿಟ್ಟುಕೋ, ಪರೀಕ್ಷೆಗೆ ಬರುತ್ತದೆ.”

ಹನಾ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಗಿ ಕೇಳಿತು.

ಮರುದಿನ ಅಪೊಲಿನ್ ಫಾದರನ್ನು ನೋಡಲು ಹೊರಟಳು, ನನ್ನನ್ನೂ ಕರೆದಳು. “ಒಬ್ಬಳೇ ಹೋದರೆ ನಾಳೆ ಅವರೊಂದು ಹೇಳ್ತಾರೆ, ನಾನೊಂದು ಹೇಳ್ತೇನೆ. ನೀನು ಬಂದು ಕೇಳಿಸಿಕೊ, ಸಾಕು.” ಫಾದರ್ ಸಣ್ಣ ಪ್ರಾಯದವರು, ಮರ್ಯಾದೆಯ ಜನ. ನಮಗಿಬ್ಬರಿಗೂ ಕುರ್ಚಿ ಹಾಕಿಸಿದರು. ಗೆಲ್ಲಿನ ಸಂಗತಿ ಕೇಳಿ ತಲೆ ಕೆರೆದುಕೊಂಡರು.

“ಗುರಿಕಾರರು ಬರೆದುಕೊಟ್ಟದ್ದನ್ನು ನಾನು ಓದಿದ್ದು ಬಾಯಿ. ಈಗ ಎಲ್ಲರೂ ಕೇಳಿ ಆಯಿತಲ್ಲ. ಯೂತಿನವರು ಅದಕ್ಕೆ ತಕ್ಕ ಹಾಗೆ ಸ್ಟೇಜ್ ಕಟ್ಟಲಿಕ್ಕೆ ಹೊರಟಿದ್ದಾರೆ. ತ್ಯಾಗ ಎಂದುಕೊಳ್ಳಿ. ಅಬ್ರಹಾಮ ತನ್ನ ಮಗನನ್ನೇ ಒಪ್ಪಿಸಲಿಕ್ಕೆ ತಯಾರಾಗಿದ್ದ.”

“ಕೊನೆಗೆ ಕಡಿದದ್ದು ಟಗರನ್ನಲ್ಲವಾ ಫಾದರ್?” ಎಂದಳು ಅಪೊಲಿನ್. “ಆ ಟಗರು ನಿಮ್ಮ ಅಟ್ಟದಲ್ಲಿ ಉಂಟು. ಕೆಳಗೆ ಇಳಿಸಿ.”

ಫಾದರಿಗೆ ನಗು ಬಂತು, ನುಂಗಿಕೊಂಡರು. ಆದರೂ ಮರ ಬೇಡ ಎಂದು ಅವರ ಬಾಯಿಯಿಂದ ಬರಲಿಲ್ಲ. ಗುರಿಕಾರರೊಡನೆ ಮಾತಾಡಿ ಎಂದು ಕಳಿಸಿದರು. ಹತ್ತು ಹದಿನೈದು ಮನೆಗಳ ಮುಖಂಡನನ್ನು ಗುರಿಕಾರ ಎನ್ನುವುದು. ಅವನೇ ಲಿಗೋರಿ. ಅಪೊಲಿನಳನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅವನು ಒಂದೇ ಹಟ ಹಿಡಿದ: “ಟ್ರೀ ಅಂತ ನೀವು ಹೇಳಿದ್ದು ಹೌದಾ ಅಲ್ಲವಾ ಮಾವ್ಶಿ? ಹೌದಾದರೆ ಮುಗಿಯಿತು.”

ವಾರದೊಳಗೆ ಅಪೊಲಿನಳಿಗೆ ಹೊಸ ಹೆಸರು ಬಿತ್ತು, ಪ್ಲಾಸ್ಟಿಕ್ ಬಾಯಿ. ಅಂಗಡಿಯ ಬೆಂಚಿನಲ್ಲಿ ಕೂತವರು ಅವಳಿಗೆ ಕೇಳುವ ಹಾಗೆಯೇ ಹೇಳಿದರು. ಅವಳು ಸಕ್ಕರೆ ಕಟ್ಟಿಸಿಕೊಂಡು ತಿರುಗಿ ನಿಂತಳು. “ಒಳ್ಳೆಯ ಹೆಸರು. ಪ್ಲಾಸ್ಟಿಕ್ ಕೊಳೆಯುವುದಿಲ್ಲ. ನೀವು ಅಲ್ಲೇ ಕೂತು ಕೂತು ಕೊಳೆಯಬೇಡಿ.” ದಾರಿಯಲ್ಲಿ ಬರುವಾಗ ಮಾತ್ರ ಅವಳು ಏನೂ ಮಾತಾಡಲಿಲ್ಲ. ಅವಳು ಮಾತಾಡದೆ ಅಷ್ಟು ದೂರ ನಡೆದದ್ದು ನಾನು ಕಂಡದ್ದು ಅದೇ ಮೊದಲು. ಮನೆಯ ಹತ್ತಿರ ಬಂದ ಮೇಲೆ, “ದೇವರಿಗೆ ಗೊತ್ತಿರಬಹುದಲ್ಲವಾ ನೀಲಕ್ಕ, ನಾನು ಯಾವುದನ್ನು ಹೇಳಿದ್ದು ಅಂತ?” ಎಂದು ಕೇಳಿದಳು. ಗೊತ್ತಿರುತ್ತದೆ ಎಂದೆ. “ಹಾಗಾದರೆ ಸರಿ. ಲಿಗೋರಿಗೆ ಗೊತ್ತು ಮಾಡಿಸುವುದು ಮಾತ್ರ ಬಾಕಿ.”

ಹದಿನೆಂಟನೇ ತಾರೀಕು ಬೆಳಿಗ್ಗೆ ಅವಳು ಗಾಳಿ ಮರದ ಬುಡಕ್ಕೆ ಚಾಪೆ ಹಾಕಿದಳು. ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಎಂಬ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕೂತಳು. ನನ್ನನ್ನೂ ಕೂರಿಸಿದಳು. ಒಂಬತ್ತು ಗಂಟೆಗೆ ಪಿಕಪ್ ಬಂತು. ಲಿಗೋರಿ, ಯೂತಿನ ನಾಲ್ಕು ಜನ, ಅವರೊಟ್ಟಿಗೆ ಹನಾ. ಮರ ಕಡಿಯುವ ಮೆಷಿನು ಹಿಡಿದುಕೊಂಡು ಕಲ್ಲಡ್ಕದ ಝುಬೈರ್ ಇಳಿದ. ತಂದೆಯ ಕಾಲದಿಂದ ಮರದ ಕೆಲಸವೇ ಅವನದ್ದು.

“ಮಾವ್ಶಿ, ಸ್ವಲ್ಪ ಆಚೆ ಕೂತುಕೊಳ್ಳಿ” ಎಂದ ಲಿಗೋರಿ.

“ಇಲ್ಲಿ ಗಾಳಿ ಒಳ್ಳೆಯದುಂಟು.”

“ಮರ ಬೀಳುವಾಗ ತಲೆಗೆ ತಾಗುತ್ತದೆ.”

“ಬೀಳುವ ಮರದ ಕೆಳಗೆ ಕೂರುವಷ್ಟು ಹುಚ್ಚು ನನಗಿಲ್ಲ. ಬೀಳುವುದಿಲ್ಲ ಅಂತ ಗೊತ್ತಿದ್ದೇ ಕೂತದ್ದು.”

ಹನಾಳ ಮುಖ ಕೆಂಪಾಗಿತ್ತು. “ವಡ್ಲಿಮಾಯ್, ಎಲ್ಲರೂ ನೋಡ್ತಾರೆ.”

“ನೋಡಲಿ. ಚಪ್ಪಾಳೆ ತಟ್ಟುವಾಗಲೂ ನೋಡಿದ್ದಾರೆ.”

ಝುಬೈರ್ ಇಷ್ಟು ಹೊತ್ತು ಮರದ ತುದಿ ನೋಡುತ್ತಿದ್ದ. ಈಗ ಕೇಳಿದ, “ಮರದ ಯಜಮಾನರು ಯಾರು?”

“ಇವರೇ” ಎಂದ ಲಿಗೋರಿ, “ಇಗರ್ಜಿಗೆ ಕೊಟ್ಟಿದ್ದಾರೆ.”

“ಹಾಗಾದರೆ ಮೊದಲ ಏಟು ಬಾಯಮ್ಮನೇ ಹಾಕಬೇಕು. ಯಜಮಾನರ ಕೈಯ ಏಟು ಬೀಳದೆ ನಮ್ಮಪ್ಪ ಯಾರ ಮರವನ್ನೂ ಮುಟ್ಟಿದವರಲ್ಲ. ಮೆಷಿನ್ ಬಂದ ಮೇಲೂ ನಾನು ಅದನ್ನು ಬಿಟ್ಟಿಲ್ಲ. ಆಮೇಲೆ ನಾನು ಕೊಡಲಿಲ್ಲ ಅಂತ ಹೇಳುವ ಜನ ಉಂಟು.” ಅವನು ಪಿಕಪ್ಪಿನಿಂದ ಕತ್ತಿ ತಂದು ಹಿಡಿಯ ಕಡೆಯಿಂದ ಅವಳಿಗೆ ಚಾಚಿದ.

ಲಿಗೋರಿಗೆ ಉಸಿರು ಬಂದ ಹಾಗಾಯಿತು. “ಒಂದು ಏಟು ಮಾವ್ಶಿ. ಸುಮ್ಮನೆ ತಾಗಿಸಿದರೂ ಸಾಕು.”

ಅಪೊಲಿನ್ ತಡ್ಪೆಯನ್ನು ಬದಿಗಿಟ್ಟಳು. ಸೀರೆಗೆ ಅಂಟಿದ ಹೊಗೆಸೊಪ್ಪಿನ ಪುಡಿ ಕೊಡವಿ ಎದ್ದಳು. ಫಾದರ ಮಾತಿಗೋ ಮೊಮ್ಮಗಳ ಮುಖಕ್ಕೋ ಸೋತಳು ಎಂದೇ ತಿಳಿದೆ. ಅವಳು ಮರಕ್ಕೆ ಒಂದು ಸುತ್ತು ಬಂದಳು, ಮೇಲೆ ನೋಡಿದಳು.

“ಯಜಮಾನಿ ಎಲ್ಲಿಗೆ ಬೇಕಾದರೂ ಹಾಕಬಹುದಾ ಏಟು?”

“ನಿಮ್ಮ ಮರ ಬಾಯಮ್ಮ, ನಿಮ್ಮ ಇಷ್ಟ” ಎಂದ ಝುಬೈರ್.

“ಹಾಗಾದರೆ ನಿನ್ನ ಕತ್ತಿ ನಿನಗೇ ಇರಲಿ.” ಅವಳು ಮನೆಯ ಹಿಂದೆ ಹೋಗಿ, ಹಲಸಿನಕಾಯಿ ಕೊಯ್ಯುವ ದೋಟಿ ತಂದಳು. ತುದಿಯಲ್ಲಿ ಕುಡುಗೋಲು ಕಟ್ಟಿದ ಉದ್ದದ ಬಿದಿರು. ಅದನ್ನು ಒಂದು ಗೆಲ್ಲಿಗೆ ಸಿಕ್ಕಿಸಿ ಕೆಳಕ್ಕೆ ಜಗ್ಗಿದಳು. ಮೂರನೇ ಜಗ್ಗಿಗೆ ಆಳೆತ್ತರದ ಗೆಲ್ಲು ಕಲ್ಲಿನ ಮೇಲೆ ಬಿತ್ತು. ಏದುಸಿರು ಬಿಡುತ್ತಾ ಅದನ್ನು ಎಳೆದುಕೊಂಡು ಹೋಗಿ ಲಿಗೋರಿಯ ಕಾಲಬುಡದಲ್ಲಿ ಹಾಕಿದಳು.

“ಇಗೋ, ಟ್ರೀ.”

“ಇದು ಗೆಲ್ಲಲ್ಲವಾ ಮಾವ್ಶಿ!”

“ಹೌದಾ? ಹೋದ ವರ್ಷ ನಿನ್ನ ಹೆಂಡತಿ ಇಲ್ಲಿಂದ ಕೊಂಡುಹೋದದ್ದು ಎಂತ?”

ಲಿಗೋರಿ ಗೆಲ್ಲನ್ನು ಕಾಲಿನಿಂದ ಆಚೆ ಸರಿಸಿದ.

“ಹೇಳು ಮಾರಾಯ. ಎಂತ ಅಂತ ಕೇಳಿಕೊಂಡು ಬಂದಿದ್ದಳು?”

“ಟ್ರೀ.”

“ಅದರ ಹಿಂದಿನ ವರ್ಷ?”

“ಟ್ರೀಯೇ.”

“ನಿನ್ನ ಅಪ್ಪ ಇರುವಾಗ ಅವರು ಹೆಗಲಲ್ಲಿ ಹಾಕಿಕೊಂಡು ಹೋಗುತ್ತಿದ್ದದ್ದು?”

ಯೂತಿನ ಒಬ್ಬ ಹಿಂದಿನಿಂದ, “ಅದೂ ಟ್ರೀ” ಎಂದ. ಉಳಿದವರು ನಕ್ಕುಬಿಟ್ಟರು.

“ನಿಮ್ಮ ಮನೆಗೆ ಹೋದರೆ ಟ್ರೀ, ಇಗರ್ಜಿಗೆ ಹೋದರೆ ಗೆಲ್ಲಾ? ಇಷ್ಟು ವರ್ಷ ನೀವು ಯಾವುದನ್ನು ಟ್ರೀ ಅಂದಿರೋ ಅದನ್ನೇ ನಾನು ಕೊಡ್ತೇನೆ ಅಂದದ್ದು. ಕೊಟ್ಟಿದ್ದೇನೆ. ಮಾತು ತಪ್ಪಿದೆ ಅಂತ ಇನ್ನು ಯಾರಾದರೂ ಹೇಳಲಿ, ನಾನೂ ಮೈಕಿನ ಹತ್ತಿರ ಹೋಗ್ತೇನೆ.”

ಲಿಗೋರಿ ಝುಬೈರನ ಮುಖ ನೋಡಿದ. ಝುಬೈರ್ ಆಗಲೇ ಮೆಷಿನನ್ನು ಗೋಣಿಯಲ್ಲಿ ಸುತ್ತುತ್ತಿದ್ದ. “ಏಟು ಹಾಕಿ ಆಯ್ತು ಗುರಿಕಾರ್ರೆ. ಯಜಮಾನಿ ಎಷ್ಟು ಇಳಿಸಿದರೋ ಅಷ್ಟೇ. ಅದರ ಮೇಲೆ ನಾನು ಮುಟ್ಟುವವನಲ್ಲ.”

“ಇಷ್ಟು ಸಣ್ಣದನ್ನು ಅಷ್ಟು ದೊಡ್ಡ ಸ್ಟೇಜಿನಲ್ಲಿ ಹೇಗೆ ಇಡುವುದು?” ಹನಾಳ ದನಿ ಅಳುವ ಹಾಗಿತ್ತು.

“ದೊಡ್ಡದು ಬೇಕಾದರೆ ಅಟ್ಟದಲ್ಲಿ ಉಂಟು. ಬೇಡವಾದರೆ ಸ್ಟೇಜನ್ನು ಸಣ್ಣ ಮಾಡಿ. ಅವನು ಹುಟ್ಟಿದ್ದು ಹಟ್ಟಿಯಲ್ಲಿ, ಸ್ಟೇಜಿನಲ್ಲಲ್ಲ.”

ಹನಾ ಗೆಲ್ಲಿನ ಒಂದು ತುದಿ ಹಿಡಿದು ಎತ್ತಿ ಪಿಕಪ್ಪಿಗೆ ಹಾಕಿದಳು. ಮೂರು ದಿನ ಅವಳು ಅಜ್ಜಿಯೊಡನೆ ಮಾತಾಡಲಿಲ್ಲ. ನನ್ನ ಮನೆಗೆ ಬಂದು, ಅಜ್ಜಿಗೆ ತಲುಪಲಿ ಎಂದೇ ಇರಬೇಕು, ಎಲ್ಲ ವರದಿ ಕೊಟ್ಟಳು. ಗೆಲ್ಲನ್ನು ಗೋದಲಿಯ ಹತ್ತಿರ ನೆಟ್ಟರಂತೆ. ಸ್ಟೇಜು ಖಾಲಿ ಕಾಣುತ್ತದೆ ಎಂದು ಫಾದರೇ ಅಟ್ಟದಿಂದ ಹಳೆಯದನ್ನು ಇಳಿಸಲು ಹೇಳಿದರಂತೆ. ಕೆಳಗಿನ ಗೆಲ್ಲುಗಳನ್ನು ಇಲಿ ತಿಂದಿದೆಯಂತೆ, ತೊಳೆದದ್ದು ಹನಾಳೇ ಅಂತೆ. “ಆದರೂ ಪ್ಲಾಸ್ಟಿಕ್ ತಪ್ಪೇ ನೀಲಜ್ಜಿ. ಇದು ಹಾಳಾದ ಮೇಲೆ ಹೊಸದು ಕೊಂಡರೆ ನಾನು ಇಗರ್ಜಿಯ ಬಾಗಿಲಲ್ಲಿ ಕೂರುತ್ತೇನೆ” ಎಂದಳು. ಅಪೊಲಿನಳಿಗೆ ಹೇಳಿದೆ. “ಕೂರಲಿ. ಕೂರುವುದು ಹೇಗೆ ಅಂತ ಈಗ ಕಲಿತಳಲ್ಲ” ಎಂದಳು.

ಹಬ್ಬಕ್ಕೆ ಲಿಗೋರಿಯ ಮನೆಯಿಂದ ತಿಂಡಿಯ ತಟ್ಟೆ ಬರಲಿಲ್ಲ. ಪ್ರತಿ ವರ್ಷ ಬರುತ್ತಿತ್ತು. ಅಪೊಲಿನ್ ತನ್ನ ತಟ್ಟೆಯಲ್ಲಿ ನೆವ್ರಿ, ಕುಕ್ಕಿಸ್ ತುಂಬಿಸಿ, ಬಟ್ಟೆ ಮುಚ್ಚಿ ಹನಾಳ ಕೈಯಲ್ಲಿ ಅವರಿಗೆ ಕಳಿಸಿದಳು. ಯಾಕೆ ಎಂದು ಕೇಳಿದೆ. “ಸಿಟ್ಟು ನನಗೂ ಅವನಿಗೂ. ನೆವ್ರಿ ಎಂತ ಮಾಡಿತು ಪಾಪ?” ಎಂದಳು.

ಹಬ್ಬ ಕಳೆದು ಮೂರನೆಯ ದಿನ ನಾನು ಅವಳಲ್ಲಿಗೆ ಹೋಗುವಾಗ ಮೀನಿನವನ ಹಾರ್ನ್ ಅದೇ ತಾನೇ ದೂರವಾಗುತ್ತಿತ್ತು. ಅಪೊಲಿನ್ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೆಟ್ಟುಕತ್ತಿ ಇಟ್ಟುಕೊಂಡು ಬಂಗುಡೆ ಮೀನು ಕೊಯ್ದು ಶುಚಿ ಮಾಡುತ್ತಿದ್ದಳು.

“ಲಿಗೋರಿ ವರ್ಷದ ಮೀಟಿಂಗಲ್ಲಿ ನಿನ್ನ ವಿಷಯ ಎತ್ತುತ್ತಾನಂತೆ” ಎಂದೆ. ಬಸ್ಸಿನಲ್ಲಿ ಕೇಳಿದ್ದು.

“ಎತ್ತಲಿ. ಆ ಮೀಟಿಂಗಿಗೆ ನಾನೂ ಹೋಗುವವಳೇ.” ಅವಳು ಕಿವಿರು ಎಳೆದು ಬದಿಗೆ ಹಾಕಿದಳು. “ಬೇಕಾದರೆ ಮುಂದಿನ ಬೆಂಚಿನಲ್ಲೇ ಕೂರುತ್ತೇನೆ. ಆ ಚೊಂಬು ಇತ್ತ ಕೊಡು.”

ನಾನು ನೀರು ಹೊಯ್ದೆ. ಅವಳು ಮೀನುಗಳನ್ನು ಒಂದೊಂದಾಗಿ ತೊಳೆದಳು. ಕಲ್ಲುಪ್ಪು ಹಾಕಿ ಉಜ್ಜಿ ಮತ್ತೆ ತೊಳೆದು, ಮಣ್ಣಿನ ಮಡಕೆಗೆ ತುಂಬಿಸಿದಳು. ಬೆಕ್ಕನ್ನು ಗದರಿಸಿ, ತಲೆಗಳನ್ನು ಅದಕ್ಕೇ ಎಸೆದು, ಕಲ್ಲಿಗೆ ಅಂಟಿದ ಮೀನಿನ ಪೊರೆಯನ್ನು ತೆಂಗಿನ ನಾರಿನಲ್ಲಿ ಉಜ್ಜತೊಡಗಿದಳು.